ರೆಪೊ ದರಕ್ಕೆ ಮತ ಹಾಕುವ ತರಗತಿ: ಹಾಸನದಲ್ಲಿ ನನ್ನ ಅನುಭವ

ಹಾಸನದ ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಬೋಧಿಸುವ ನಾನು ಹಣಕಾಸು ನೀತಿಯ ಅಧ್ಯಾಯವನ್ನು ಈಗ ಪಠ್ಯಪುಸ್ತಕದ ಕ್ರಮದಲ್ಲಿ ಮಾಡುವುದಿಲ್ಲ. ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ, ಏರಿದರೆ ಸಾಲ ದುಬಾರಿಯಾಗುತ್ತದೆ, ಸಾಲ ದುಬಾರಿಯಾದರೆ ಬೇಡಿಕೆ ತಗ್ಗುತ್ತದೆ, ಬೇಡಿಕೆ ತಗ್ಗಿದರೆ ಬೆಲೆ ಹತೋಟಿಗೆ ಬರುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಉತ್ತರ ಪತ್ರಿಕೆಯಲ್ಲಿ ತಪ್ಪಿಲ್ಲದೆ ಬರೆಯುತ್ತಾರೆ. ಆದರೆ 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿ ಚಿಲ್ಲರೆ ಹಣದುಬ್ಬರ ಶೇ 7.44ಕ್ಕೆ ಏರಿತ್ತು, ಆದರೂ ರಿಸರ್ವ್ ಬ್ಯಾಂಕ್ ಆಗಸ್ಟ್‌ನಲ್ಲಾಗಲಿ ಅಕ್ಟೋಬರ್‌ನಲ್ಲಾಗಲಿ ದರವನ್ನು ಶೇ 6.50ರಿಂದ ಕದಲಿಸಲಿಲ್ಲ, ಏಕೆ ಎಂದು ಕೇಳಿದರೆ ತರಗತಿ ಮೌನವಾಗುತ್ತದೆ. ಈ ಪ್ರಶ್ನೆಗೆ ಅವರೇ ಉತ್ತರ ಕಂಡುಕೊಳ್ಳಲಿ ಎಂದು ನಾನು ಅಧ್ಯಾಯವನ್ನು ಎರಡು ಕೆಲಸಗಳಾಗಿ ಒಡೆದೆ. ಮೊದಲು ವಿದ್ಯಾರ್ಥಿಗಳು ವಾರವಾರ ಬೆಲೆ ಬರೆದಿಡುವ ಒಂದು ಬೆಲೆ ಪುಸ್ತಕ, ಅನಂತರ ರೆಪೊ ದರ ನಿರ್ಧರಿಸುವ ರಿಸರ್ವ್ ಬ್ಯಾಂಕ್ ಸಮಿತಿಯ ಮಾದರಿಯಲ್ಲಿ ತರಗತಿಯದೇ ಆರು ಜನರ ಹಣಕಾಸು ನೀತಿ ಸಮಿತಿ.

ಬೆಲೆ ಪುಸ್ತಕದ ನಿಯಮ ಸರಳ: ಅದೇ ಅಂಗಡಿ, ವಾರದ ಅದೇ ದಿನ, ಅದೇ ದರ್ಜೆಯ ಸರಕು. ಸೋನಾ ಮಸೂರಿ, ರಾಗಿ, ತೊಗರಿಬೇಳೆ, ಆಲೂಗಡ್ಡೆ, ತೆಂಗಿನಕಾಯಿ, ಹಾಲು, ಗ್ಯಾಸ್ ಸಿಲಿಂಡರ್, ಬಸ್ ದರ, ಪಿ.ಜಿ. ಬಾಡಿಗೆ, ಮೊಬೈಲ್ ರೀಚಾರ್ಜ್ ಇವೆಲ್ಲ ಅದರಲ್ಲಿ ಸೇರುತ್ತವೆ. ಕಟ್ಟಿನಕೆರೆ ಮಾರುಕಟ್ಟೆಗೆ ಹೋದ ತಂಡ ಮೊದಲ ವಾರವೇ, ಯಾವ ಆಲೂಗಡ್ಡೆಯ ಬೆಲೆ ಬರೆಯಬೇಕು ಎಂದು ಕೇಳಿಕೊಂಡು ಬರುತ್ತದೆ. ಏಕೆಂದರೆ ದಪ್ಪ ಗೆಡ್ಡೆಗೊಂದು ಬೆಲೆ, ಗೋಲಿ ಗಾತ್ರದ್ದಕ್ಕೊಂದು ಬೆಲೆ. ಸಂಜೆ ಹೊತ್ತಿಗೆ ಎರಡೂ ಬೇರೆ. ಈ ಪ್ರಶ್ನೆ ಎದ್ದಾಗಲೇ ಸೂಚ್ಯಂಕದ, ಅಂದರೆ ಹಲವು ಸರಕುಗಳ ಬೆಲೆ ಬದಲಾವಣೆಯನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ಲೆಕ್ಕದ, ಪಾಠ ಆರಂಭವಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಸೂತ್ರವನ್ನು ಕಪ್ಪುಹಲಗೆಯ ಮೇಲೆ ಬರೆಯುವುದಕ್ಕೆ ಅವಸರವಿಲ್ಲ.

ಇದಕ್ಕೆ ಹಾಲಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 2024ರ ಜೂನ್ ಕೊನೆಯಲ್ಲಿ ನಂದಿನಿ ಟೋನ್ಡ್ ಹಾಲಿನ ಒಂದು ಲೀಟರ್ ಪೊಟ್ಟಣದ ಬೆಲೆ 42 ರೂಪಾಯಿಯಿಂದ 44ಕ್ಕೆ ಏರಿತು, ಆದರೆ ಪೊಟ್ಟಣದೊಳಗಿನ ಹಾಲು 1,050 ಮಿಲಿ ಲೀಟರ್ ಆಯಿತು. ಬೆಲೆ ಪುಸ್ತಕದಲ್ಲಿ ಎರಡು ರೂಪಾಯಿ ಏರಿಕೆ ಎಂದು ಬರೆದವರಿಗೆ ನಾನು ಭಾಗಾಕಾರ ಮಾಡಿ ನೋಡಿ ಎಂದು ಹೇಳುತ್ತೇನೆ: 44ನ್ನು 1.05ರಿಂದ ಭಾಗಿಸಿದರೆ ಲೀಟರಿಗೆ 41 ರೂಪಾಯಿ 90 ಪೈಸೆ ಬರುತ್ತದೆ, ಅಂದರೆ ಲೀಟರ್ ಲೆಕ್ಕದಲ್ಲಿ ಬೆಲೆ ಏರಿಯೇ ಇಲ್ಲ. ಆದರೂ ಪ್ರತಿ ಬೆಳಿಗ್ಗೆ ಒಂದೇ ಪೊಟ್ಟಣ ಕೊಳ್ಳುವ ಮನೆಯ ಖರ್ಚು ಏರಿದ್ದು ನಿಜ. 2025ರ ಏಪ್ರಿಲ್ 1ರಿಂದ ಪೊಟ್ಟಣ ಮತ್ತೆ ಸಾವಿರ ಮಿಲಿ ಲೀಟರಿಗೆ ಇಳಿದು ಬೆಲೆ 46 ರೂಪಾಯಿ ಆದಾಗ ಬಂದದ್ದೇ ಅಪ್ಪಟ ಬೆಲೆ ಏರಿಕೆ. ಸೂಚ್ಯಂಕ ಅಳೆಯುವುದು ಬೆಲೆಯನ್ನು, ಮನೆಯವರು ಅನುಭವಿಸುವುದು ಖರ್ಚನ್ನು. ಸರ್ಕಾರದ ಅಂಕಿ ಸುಳ್ಳು ಎಂಬ ದೂರಿನಲ್ಲಿ ಒಂದು ಪಾಲು ಈ ಎರಡರ ನಡುವಿನ ಅಂತರದಿಂದ ಹುಟ್ಟುತ್ತದೆ.

ಬಸ್ ದರ ಇನ್ನೂ ದೊಡ್ಡ ಚರ್ಚೆ ತಂದಿತು. 2025ರ ಜನವರಿಯಲ್ಲಿ ಕೆಎಸ್‌ಆರ್‌ಟಿಸಿ ದರ ಶೇ 15ರಷ್ಟು ಏರಿತು, ಆದರೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಪ್ರಯಾಣ ಉಚಿತ. ಬೇಲೂರಿನಿಂದ ಬರುವ ಹುಡುಗನ ಬುಟ್ಟಿಯಲ್ಲಿ, ಅಂದರೆ ಅವನು ಹಣ ಕೊಡುವ ಸರಕು ಸೇವೆಗಳ ಪಟ್ಟಿಯಲ್ಲಿ, ಬಸ್ ದರದ ತೂಕ (ಒಟ್ಟು ಖರ್ಚಿನಲ್ಲಿ ಅದರ ಪಾಲು) ದೊಡ್ಡದು, ಅದೇ ಊರಿನ ಹುಡುಗಿಯ ಬುಟ್ಟಿಯಲ್ಲಿ ಅದು ಸೊನ್ನೆ. ಒಂದೇ ಬೆಂಚಿನ ಇಬ್ಬರಿಗೆ ಎರಡು ಹಣದುಬ್ಬರ ಎಂದು ಅವರೇ ಲೆಕ್ಕ ಹಾಕಿ ತೋರಿಸಿದ ಮೇಲೆ ತೂಕ ಎಂದರೇನು ಎಂದು ನಾನು ವಿವರಿಸಬೇಕಾಗಿ ಬರಲಿಲ್ಲ.

ಆ ಹಂತದಲ್ಲಿ ಅಧಿಕೃತ ಬುಟ್ಟಿಯನ್ನು ಮುಂದಿಡುತ್ತೇನೆ. ಈ ವಾದಗಳೆಲ್ಲ ನಡೆದ ಅವಧಿಯಲ್ಲಿ ಬಳಕೆಯಲ್ಲಿದ್ದುದು 2012 ಆಧಾರ ವರ್ಷದ ಗ್ರಾಹಕ ಬೆಲೆ ಸೂಚ್ಯಂಕ. ಅದರಲ್ಲಿ ಆಹಾರ ಮತ್ತು ಪಾನೀಯಗಳ ತೂಕ ಶೇ 45.86, ಗ್ರಾಮೀಣ ಭಾಗಕ್ಕೆ ಶೇ 54.18, ನಗರ ಭಾಗಕ್ಕೆ ಶೇ 36.29. ತರಕಾರಿಯ ತೂಕ ಕೇವಲ ಶೇ 6.04. ಆದರೆ 2023ರ ಜುಲೈನಲ್ಲಿ ತರಕಾರಿ ಬೆಲೆ ವರ್ಷದ ಹಿಂದಿಗಿಂತ ಶೇ 37ಕ್ಕೂ ಹೆಚ್ಚು ಏರಿತ್ತು. ಎರಡನ್ನೂ ಗುಣಿಸಿದರೆ, ಒರಟು ಲೆಕ್ಕದಲ್ಲಿ, 7.44ರೊಳಗೆ ಎರಡೂಕಾಲರಷ್ಟು ಭಾಗ ತರಕಾರಿಯಿಂದಲೇ ಬಂದಂತೆ ಕಾಣುತ್ತದೆ. ಸೆಪ್ಟೆಂಬರ್ ವೇಳೆಗೆ ಹೊಸ ಬೆಳೆ ಬಂದು ಹಣದುಬ್ಬರ ಶೇ 5.02ಕ್ಕೆ ಇಳಿಯಿತು. ದರ ಏರಿಸಿದ್ದರೆ ಅದರ ಪರಿಣಾಮ ಸಾಲಗಾರರನ್ನು ಮುಟ್ಟುವ ಹೊತ್ತಿಗೆ ಟೊಮೆಟೊ ಬೆಲೆ ಎಂದೋ ಇಳಿದಿರುತ್ತಿತ್ತು.

ಸಮಿತಿಯ ಕೆಲಸ ಆರಂಭವಾಗುವುದು ಇಲ್ಲಿಂದ. 2016ರಲ್ಲಿ ರಿಸರ್ವ್ ಬ್ಯಾಂಕ್ ಕಾಯ್ದೆಗೆ ತಿದ್ದುಪಡಿ ತಂದು ರಚಿಸಿದ ಸಮಿತಿಯಲ್ಲಿ ಆರು ಸದಸ್ಯರು. ಮೂವರು ಬ್ಯಾಂಕಿನೊಳಗಿನವರು, ಮೂವರು ಸರ್ಕಾರ ನೇಮಿಸಿದ ಹೊರಗಿನವರು. ಮತ ಸಮವಾದರೆ ಗವರ್ನರ್ ಅವರ ನಿರ್ಣಾಯಕ ಮತ. ಹಣದುಬ್ಬರದ ಗುರಿ ಶೇ 4, ಮೇಲೆ ಕೆಳಗೆ ಎರಡೆರಡು ಅಂಶಗಳ ಸಡಿಲಿಕೆ, ಅಂದರೆ ಶೇ 2ರಿಂದ 6ರವರೆಗೆ. ಸಭೆ ಮುಗಿದ ಹದಿನಾಲ್ಕನೆಯ ದಿನ ಪ್ರತಿ ಸದಸ್ಯರ ಹೇಳಿಕೆಯೂ ಪ್ರಕಟವಾಗುತ್ತದೆ. ನಾನು ಒಮ್ಮತದ ಸಭೆಗಳನ್ನು ಬಿಟ್ಟು ಭಿನ್ನಮತವಿರುವ ಸಭೆಗಳನ್ನೇ ಆರಿಸುತ್ತೇನೆ. ಸದಸ್ಯರ ಹೆಸರು ಮತ್ತು ಮತವನ್ನು ಅಳಿಸಿ, ಅವರು ನೋಡಿದ ಅಂಕಿಗಳನ್ನು ಮಾತ್ರ ಕೊಡುತ್ತೇನೆ. ಆರು ವಿದ್ಯಾರ್ಥಿಗಳು ತಮ್ಮ ಮತವನ್ನು ಕಾರಣ ಸಹಿತ ಒಂದು ಪುಟ ಬರೆದು ಸಹಿ ಹಾಕಬೇಕು. ಸಹಿ ಹಾಕಿಸುವುದು ಮುಖ್ಯ. ಬಾಯಿಮಾತಿನಲ್ಲಿ ಎಲ್ಲರೂ ಆರ್ಥಿಕ ಬೆಳವಣಿಗೆಯೂ ಬೇಕು, ಬೆಲೆ ಸ್ಥಿರತೆಯೂ ಬೇಕು ಎನ್ನುತ್ತಾರೆ. ಕಾಗದದ ಮೇಲೆ ಒಂದು ಸಂಖ್ಯೆ ಬರೆಯಲೇಬೇಕಾದಾಗ ಮಾತ್ರ ಯಾವುದನ್ನು ಬಿಟ್ಟುಕೊಡುತ್ತೇನೆ ಎಂಬುದು ಹೊರಬರುತ್ತದೆ.

2024ರ ಆಗಸ್ಟ್ ಸಭೆಯಲ್ಲಿ ಹೊರಗಿನ ಸದಸ್ಯರಾದ ಆಶಿಮಾ ಗೋಯಲ್ ಮತ್ತು ಜಯಂತ್ ವರ್ಮಾ ದರವನ್ನು 25 ಮೂಲಾಂಶ (ಶೇಕಡಾ ಕಾಲು ಅಂಶ) ಇಳಿಸಬೇಕೆಂದು ಮತ ಹಾಕಿದರು, ಉಳಿದ ನಾಲ್ವರು ಶೇ 6.50 ಉಳಿಯಲಿ ಎಂದರು. ವರ್ಮಾ ಅವರ ವಾದದ ತಿರುಳು ನೈಜ ಬಡ್ಡಿ ದರದ್ದು: ನಿರೀಕ್ಷಿತ ಹಣದುಬ್ಬರವನ್ನು ಕಳೆದ ಮೇಲೆ ಉಳಿಯುವ ಬಡ್ಡಿ ಅಗತ್ಯಕ್ಕಿಂತ ಹೆಚ್ಚಿದ್ದರೆ ಬೆಳವಣಿಗೆ ಅನಗತ್ಯವಾಗಿ ಬಲಿಯಾಗುತ್ತದೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಹೊಸ ಸದಸ್ಯರಾದ ನಾಗೇಶ್ ಕುಮಾರ್ ಮತ್ತು ರಾಮ್ ಸಿಂಗ್ ಇಳಿಕೆಯ ಪರ ನಿಂತರು. ಜುಲೈ–ಸೆಪ್ಟೆಂಬರ್ ತ್ರೈಮಾಸಿಕದ ಬೆಳವಣಿಗೆ ಶೇ 5.4 ಎಂದು ಆಗಷ್ಟೇ ಪ್ರಕಟವಾಗಿತ್ತು, ಅಕ್ಟೋಬರ್‌ನ ಹಣದುಬ್ಬರ ಶೇ 6.21. ಮತ್ತೆ ನಾಲ್ಕು–ಎರಡು. ಈ ಅಂಕಿಗಳ ಮೇಲೆ ನನ್ನ ತರಗತಿ ಮೂರು–ಮೂರು ಆಗಿ ಒಡೆಯಿತು, ಗವರ್ನರ್ ಕುರ್ಚಿಯಲ್ಲಿದ್ದ ಸಕಲೇಶಪುರದ ವಿದ್ಯಾರ್ಥಿನಿ ದರ ಇಳಿಸದಂತೆ ನಿರ್ಣಾಯಕ ಮತ ಹಾಕಿದಳು. ಆಕೆಯ ಮನೆಯವರದು ಕಾಫಿ ತೋಟ, ಬ್ಯಾಂಕಿನಲ್ಲಿ ಸಾಲವೂ ಇದೆ. ದರ ಇಳಿದರೆ ಮನೆಗೆ ಲಾಭ. ಮನೆಯ ಲೆಕ್ಕವನ್ನು ಮೇಜಿನ ಮೇಲೆ ತರಬಾರದಲ್ಲವೇ ಸರ್ ಎಂದು ಆಕೆ ಕೇಳಿದಾಗ, ನಿಜವಾದ ಸಮಿತಿಯ ಸದಸ್ಯರಿಗೂ ಅಷ್ಟೇ ಎಂದೆ.

ಕಾಫಿಯ ಮಾತು ಬಂದಾಗ ಒಂದು ವಿಷಯ ಹೇಳದೆ ಇರಲಾರೆ. 2025ರ ಫೆಬ್ರುವರಿಯಲ್ಲಿ ಅರೇಬಿಕಾದ ಅಂತರರಾಷ್ಟ್ರೀಯ ಬೆಲೆ ಪೌಂಡಿಗೆ ನಾಲ್ಕು ಡಾಲರ್ ದಾಟಿ ದಾಖಲೆ ಬರೆದಾಗ ಹಾಸನದ ಹೋಟೆಲುಗಳಲ್ಲಿ ಕಾಫಿ ದುಬಾರಿಯಾಯಿತು, ತೋಟದವರ ಕೈ ತುಂಬಿತು. ಬ್ರೆಜಿಲ್‌ನ ಬರಕ್ಕೆ ಮುಂಬೈನ ರಿಸರ್ವ್ ಬ್ಯಾಂಕಿನಲ್ಲಿ ಕೂತು ಮಾಡುವ ಮದ್ದಿಲ್ಲ. ಒಂದು ಸರಕಿನ ಬೆಲೆ ಏರುವುದಕ್ಕೂ ಎಲ್ಲ ಸರಕುಗಳ ಬೆಲೆ ಒಟ್ಟಿಗೆ ಏರುತ್ತ ಹೋಗುವುದಕ್ಕೂ ಇರುವ ವ್ಯತ್ಯಾಸ ಮಲೆನಾಡಿನ ಮಕ್ಕಳಿಗೆ ಬೇಗ ತಿಳಿಯುತ್ತದೆ.

ಹಾಗಾದರೆ ಬಡ್ಡಿ ದರದ ಕೈಗೆ ಎಟುಕದ ಆಹಾರವನ್ನು ಗುರಿಯಿಂದಲೇ ತೆಗೆದುಬಿಡಬಹುದಲ್ಲ? 2023–24ರ ಆರ್ಥಿಕ ಸಮೀಕ್ಷೆ ಈ ಸಲಹೆಯನ್ನು ಪರಿಶೀಲಿಸಬೇಕು ಎಂದಿತ್ತು, ನನ್ನ ವಿದ್ಯಾರ್ಥಿಗಳಲ್ಲಿ ಬಹುತೇಕರು ಮೊದಲು ಇದಕ್ಕೇ ಒಲಿಯುತ್ತಾರೆ. ನಾನು ಒಪ್ಪುವುದಿಲ್ಲ, ಒಪ್ಪುವುದಿಲ್ಲವೆಂದು ಅವರಿಗೆ ತಿಳಿಸಿಯೇ ವಾದಕ್ಕೆ ಬಿಡುತ್ತೇನೆ. 2023–24ರ ಗೃಹಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ಗ್ರಾಮೀಣ ಕುಟುಂಬದ ಖರ್ಚಿನಲ್ಲಿ ಆಹಾರದ ಪಾಲು ಈಗಲೂ ಶೇ 47ರಷ್ಟಿದೆ. ಊಟದ ಬೆಲೆ ಏರಿ ಉಳಿದರೆ ಕೂಲಿಯವರು ಹೆಚ್ಚು ಕೂಲಿ ಕೇಳುತ್ತಾರೆ, ಮೆಸ್‌ನವರು ತಿಂಗಳ ದರ ಏರಿಸುತ್ತಾರೆ, ಆ ಏರಿಕೆ ಸೇವೆಗಳ ಬೆಲೆಗೆ ದಾಟುತ್ತದೆ. ಈ ಎರಡನೆಯ ಸುತ್ತನ್ನು ತಡೆಯುವುದು ಮಾತ್ರ ಬಡ್ಡಿ ದರದಿಂದ ಆಗುವ ಕೆಲಸ. ಅದಕ್ಕೆ ಜನ ಅನುಭವಿಸುವ ಬೆಲೆಯನ್ನೇ ಕಣ್ಣಮುಂದೆ ಇಟ್ಟುಕೊಂಡಿರಬೇಕು. 2022ರಲ್ಲಿ ಹಣದುಬ್ಬರ ಸತತ ಮೂರು ತ್ರೈಮಾಸಿಕ ಶೇ 6ಕ್ಕಿಂತ ಮೇಲಿದ್ದುದರಿಂದ ರಿಸರ್ವ್ ಬ್ಯಾಂಕ್ ಕಾಯ್ದೆಯಂತೆ ಸರ್ಕಾರಕ್ಕೆ ಕಾರಣ ವಿವರಿಸಿ ಪತ್ರ ಬರೆಯಬೇಕಾಯಿತು. ಆಹಾರವನ್ನು ಬಿಟ್ಟು ಅಳೆದಿದ್ದರೆ ಆ ಉತ್ತರದಾಯಿತ್ವ ಸಡಿಲವಾಗುತ್ತಿತ್ತು.

ಇದರ ಮಗ್ಗುಲನ್ನು ತಿರುಗಿಸಿದ್ದು 2025. ಫೆಬ್ರುವರಿಯಲ್ಲಿ ಆರಂಭವಾದ ದರ ಇಳಿಕೆ ಡಿಸೆಂಬರ್ ವೇಳೆಗೆ ರೆಪೊವನ್ನು ಶೇ 5.25ಕ್ಕೆ ತಂದಿತ್ತು. ಅಕ್ಟೋಬರ್‌ನ ಹಣದುಬ್ಬರ ಶೇ 0.25, ಆಹಾರದ ಬೆಲೆಗಳು ವರ್ಷದ ಹಿಂದಿಗಿಂತ ಶೇ 5ರಷ್ಟು ಕೆಳಗೆ. ಅದೇ ವೇಳೆಗೆ ತ್ರೈಮಾಸಿಕ ಬೆಳವಣಿಗೆ ಶೇ 8.2 ಎಂದು ಪ್ರಕಟವಾಯಿತು. ಬೆಳವಣಿಗೆ ಇಷ್ಟಿರುವಾಗ ದರ ಇಳಿಸುವುದೇಕೆ ಎಂದು ಒಂದು ಗುಂಪು, ಹಣದುಬ್ಬರ ಕೆಳಗಿನ ಮಿತಿಯಾದ ಶೇ 2ಕ್ಕಿಂತಲೂ ಕೆಳಗಿರುವಾಗ ಇಳಿಸದಿರುವುದು ಹೇಗೆ ಎಂದು ಇನ್ನೊಂದು ಗುಂಪು. ಈ ಚರ್ಚೆಯಲ್ಲಿ ನಾನು ನಿರೀಕ್ಷಿಸದ ಮಾತು ಅರಕಲಗೂಡು ಕಡೆಯ ರೈತ ಕುಟುಂಬದ ವಿದ್ಯಾರ್ಥಿಯಿಂದ ಬಂದಿತು: ಆಹಾರದ ಬೆಲೆ ಇಳಿದದ್ದನ್ನು ನೀವೆಲ್ಲ ಗೆಲುವು ಎನ್ನುತ್ತಿದ್ದೀರಿ, ನಮ್ಮ ಮನೆಯಲ್ಲಿ ಅದು ಆದಾಯದ ಕುಸಿತ. ಇಳಿಕೆಗೆ ಮತ ಹಾಕಲು ಅವನು ಕೊಟ್ಟ ಕಾರಣ ಹಣದುಬ್ಬರವಲ್ಲ, ಹಳ್ಳಿಯ ಕೊಳ್ಳುವ ಶಕ್ತಿ. ಅಂಕವನ್ನು ನಾನು ಮತಕ್ಕೆ ಕೊಡುವುದಿಲ್ಲ, ಕಾರಣಕ್ಕೆ ಕೊಡುತ್ತೇನೆ. ಅವನಿಗೆ ಪೂರ್ಣ ಅಂಕ ಬಂದಿತು.

2025ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಹಣದುಬ್ಬರ ಗುರಿಯ ಬಗ್ಗೆ ಚರ್ಚಾ ಪತ್ರವೊಂದನ್ನು ಹೊರಡಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಆಹಾರವೂ ಸೇರಿದ ಒಟ್ಟು ಹಣದುಬ್ಬರವೇ ಗುರಿಯಾಗಿರಬೇಕೇ, ಶೇ 4 ಸರಿಯೇ, ಮೇಲೆ ಕೆಳಗಿನ ಸಡಿಲಿಕೆಯನ್ನು ಬದಲಿಸಬೇಕೇ, ನಿಗದಿತ ಸಂಖ್ಯೆಯನ್ನೇ ಕೈಬಿಟ್ಟು ವ್ಯಾಪ್ತಿಯೊಂದನ್ನು ಮಾತ್ರ ಉಳಿಸಬೇಕೇ ಎಂಬ ನಾಲ್ಕು ಪ್ರಶ್ನೆಗಳೇ ಈಗ ನನ್ನ ಅಧ್ಯಾಯದ ಕೊನೆಯ ಕೆಲಸ. ಮೊದಲ ಮೂರಕ್ಕೆ ತರಗತಿ ಹೇಗೋ ಬಹುಮತಕ್ಕೆ ಬರುತ್ತದೆ. ನಾಲ್ಕನೆಯದರಲ್ಲಿ ಮಾತ್ರ ಪ್ರತಿ ತಂಡವೂ ಸಿಕ್ಕಿಹಾಕಿಕೊಳ್ಳುತ್ತದೆ: ವ್ಯಾಪ್ತಿ ಮಾತ್ರ ಇದ್ದರೆ ಸಮಿತಿಗೆ ಬೆಳವಣಿಗೆಯ ಕಡೆ ನೋಡಲು ಹೆಚ್ಚು ಅವಕಾಶ ಎಂದು ಕೆಲವರು, ಶೇ 5.9 ಕೂಡ ಗುರಿಯೊಳಗೇ ಇದೆ ಎಂದು ಸಮಿತಿ ಕೈಕಟ್ಟಿ ಕೂರಬಹುದು ಎಂದು ಉಳಿದವರು. ಎರಡನೆಯವರ ಭಯ ನನಗೆ ಹೆಚ್ಚು ಗಟ್ಟಿಯಾಗಿ ಕಾಣುತ್ತದೆ, ಏಕೆಂದರೆ ನಿವೃತ್ತಿಯ ಹಣವನ್ನು ಠೇವಣಿಯಲ್ಲಿಟ್ಟವರಿಗೆ ಶೇ 4ಕ್ಕೂ 5.9ಕ್ಕೂ ಇರುವ ಅಂತರ ಹತ್ತು ವರ್ಷಗಳಲ್ಲಿ ಸಣ್ಣದಲ್ಲ. ಕೊನೆಯ ತರಗತಿಯಲ್ಲಿ ಆ ಚಕ್ರಬಡ್ಡಿಯ ಲೆಕ್ಕವನ್ನು ಅವರಿಂದಲೇ ಮಾಡಿಸಿ, ಉತ್ತರ ಪತ್ರಿಕೆಗೆ ಲಗತ್ತಿಸಲು ಹೇಳುತ್ತೇನೆ.