ಇಎಸ್‌ಪಿ 32ರ 34ನೇ ಪಿನ್ ತಾನಾಗೇ ಹೈ-ಲೋ ಆಗ್ತಿದ್ರ ಹಿಂಗ್ ಮಾಡ್ರಿ

ಗದಗ ಹತ್ರ ಹೊಲದಾಗಿನ ನೀರಿನ ಟಾಕಿಗೆ ಫ್ಲೋಟ್ ಸ್ವಿಚ್ (ನೀರಿನ ಮಟ್ಟಕ್ಕ ತೇಲಿ ತೆರಕೊಳ್ಳೋ-ಮುಚ್ಚೋ ಸ್ವಿಚ್) ಹಾಕಿ ಇಎಸ್‌ಪಿ 32 ಅನ್ನೋ ಸಣ್ಣ ಮೈಕ್ರೋಕಂಟ್ರೋಲರ್ ಬೋರ್ಡಿನಿಂದ ಪಂಪ್ ನಡೆಸೋದಿತ್ತು. ಸ್ವಿಚ್ಚಿನ ಒಂದು ವಯರ್ 34ನೇ ಪಿನ್ನಿಗೆ, ಇನ್ನೊಂದು ಗ್ರೌಂಡಿಗೆ, ಕೋಡ್‌ನಾಗ ಇನ್‌ಪುಟ್ ಪುಲ್‌ಅಪ್ (ಸ್ವಿಚ್ ತೆರದಾಗ ಪಿನ್ನನ್ನ ಹೈಗೆ ಹಿಡಿಯೋ ಚಿಪ್ಪಿನೊಳಗಿನ ರೆಸಿಸ್ಟರ್). ನೀರು ಅಲುಗದಿದ್ರೂ ರೀಡಿಂಗ್ ಒಮ್ಮೆ 0 (ಲೋ) ಒಮ್ಮೆ 1 (ಹೈ), ವಯರ್ ಹತ್ರ ಕೈ ಒಯ್ದ್ರೂ ಬದಲಾಗೋದು, ಪಂಪ್ ಆನ್-ಆಫ್ ಮಾಡೋ ರಿಲೇ ಟಕ್ ಟಕ್ ಹೊಡ್ಕೊಳ್ಳೋದು.

ಫ್ಲೋಟ್ ಸ್ವಿಚ್ ಬದ್ಲಿ, ಅಡಾಪ್ಟರ್ ಬದ್ಲಿ, ರಿಲೇ ಬೋರ್ಡ್ ಬದ್ಲಿ, ಏನೂ ಫರಕ್ ಇಲ್ಲ. ಡಿಬೌನ್ಸ್ (ರೀಡಿಂಗ್ ಬದಲಾದ್ರ ಅದು ಸ್ಥಿರ ಐತೇನಂತ ಕೋಡ್ ಕಾಯೋ ಹೊತ್ತು) 50 ಇದ್ದದ್ದು 500 ಮಿಲಿಸೆಕೆಂಡ್ ಮಾಡಿದ್ರ ಟಕ್ ಟಕ್ ಕಡಿಮಿ ಆತು ಅಷ್ಟ.

ವಿಷಯ ಏನಂದ್ರ ಹಳೇ ಇಎಸ್‌ಪಿ 32ರಾಗ 34, 35, 36, 39 ಬರೇ ಇನ್‌ಪುಟ್ ಪಿನ್, ಒಳಗ ಪುಲ್‌ಅಪ್ಪೂ ಇಲ್ಲ ಪುಲ್‌ಡೌನೂ ಇಲ್ಲ, ಕೋಡ್‌ನಾಗ ಬರದ್ರ ಕಂಪೈಲ್ ಆಗ್ತೈತಿ ಆದ್ರ ಪಿನ್ ಗಾಳ್ಯಾಗ ತೇಲ್ತಿರ್ತೈತಿ. (ಎಸ್3, ಸಿ3 ಬೋರ್ಡಿಗೆ ಈ ನಂಬರ್ ಹೊಂದಂಗಿಲ್ಲ, ಅದರ ಡೇಟಾಶೀಟ್ ನೋಡ್ರಿ.)

ಮೊದಲು ಪವರ್ ತಗೀರಿ. 3.3 ವೋಲ್ಟ್ ಪಿನ್ನಿಂದ 34ಕ್ಕ 10 ಕಿಲೋ ಓಮ್ ರೆಸಿಸ್ಟರ್ ಹಚ್ರಿ, 5 ವೋಲ್ಟಿಗೆ ಮಾತ್ರ ಹಚ್ಚಬ್ಯಾಡ್ರಿ, ಪಿನ್ ಕೆಡಬಹುದು. 34ರಿಂದ ಗ್ರೌಂಡಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, ಬೋರ್ಡಿನ ಬಾಜೂಕ. ಕೋಡ್‌ನಾಗ ಪಿನ್‌ಮೋಡ್ ಬರೇ ಇನ್‌ಪುಟ್, ಡಿಬೌನ್ಸ್ ವಾಪಸ್ 50. ಟಾಕಿ ತುಂಬಿದಾಗ ಸ್ವಿಚ್ ತೆರಕೊಳ್ಳೋ ಹಂಗ ಫ್ಲೋಟ್ ಕೂಡಸ್ರಿ, ಹೈ ಬಂದ್ರ ಪಂಪ್ ಆಫ್. ಇಲಿ ವಯರ್ ಕಡದ್ರೂ ಹೈ ಬಂದು ಪಂಪ್ ನಿಲ್ತೈತಿ, ಇದು ಭಾಳ ಮುಖ್ಯ. ರಿಲೇ ಹಚ್ಚೋಕ್ಕಿಂತ ಮೊದಲು ಮಲ್ಟಿಮೀಟರ್ ಹಿಡೀರಿ: ಸ್ವಿಚ್ ತೆರದಾಗ 3.3ರ ಹತ್ರ, ಮುಚ್ಚಿದಾಗ 0.