ಲಾಸ್ಟ್ ಡೇಟ್ ಐದನೇ ತಾರೀಕು

2025ರ ಜುಲೈ 20, ಭಾನುವಾರ. ರಾತ್ರಿ ಎಂಟೂ ಕಾಲು. ತುಮಕೂರು ಮಂಡಿಪೇಟೆಯಲ್ಲಿ ಅಂಗಡಿಗಳ ತೆರಿಗೆ ಲೆಕ್ಕ ನೋಡುವ ನನ್ನ ಆಫೀಸಿನಲ್ಲಿ ನಾನೂ ಇಬ್ಬರು ಸಹಾಯಕರೂ ಕಂಪ್ಯೂಟರ್ ಮುಂದೆ ಕುಳಿತಿದ್ದೆವು. ಜೂನ್ ತಿಂಗಳ ಜಿಎಸ್‌ಟಿ ರಿಟರ್ನ್‌ಗೆ ಅವತ್ತೇ ಕೊನೆ ದಿನ. ಭಾನುವಾರ ಬಂತು ಅಂತ ತಾರೀಕು ಮುಂದಕ್ಕೆ ಹೋಗುವುದಿಲ್ಲ. ಇನ್ನೂ 23 ಫೈಲ್ ಬಾಕಿ. ಒಂದೊಂದಕ್ಕೂ ಅಂಗಡಿ ಮಾಲೀಕರ ಫೋನಿಗೆ ಬರುವ ಓಟಿಪಿ ಬೇಕು. ಫೋನ್ ಬಡಿಯಿತು. ಹೆಸರು ನೋಡದೆ ಎತ್ತಿದವನು, "ಓಟಿಪಿ ಹೇಳಿ ಸಾರ್" ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಯಾವ ಓಟಿಪಿನಪ್ಪಾ? ನಾನು ಕಣೋ. ನಿಮ್ಮಪ್ಪಂಗೆ ಮೂರು ದಿನದಿಂದ ಜ್ವರ. ಹೇಳೋಣ ಅಂತ ಮಾಡ್ದೆ."

ಅಮ್ಮ, ಊರಿನಿಂದ. ಗುಬ್ಬಿ ಹತ್ತಿರದ ನಮ್ಮೂರಿಗೆ ಬೈಕಿನಲ್ಲಿ ಮುಕ್ಕಾಲು ಗಂಟೆಯ ದಾರಿ. ನಾನು ಏನಂದೆ ಗೊತ್ತಾ? "ಹತ್ತು ನಿಮಿಷ ಬಿಟ್ಟು ಮಾಡ್ತೀನಮ್ಮ" ಅಂದೆ. ಮಾಡಿದ್ದು ಮಾರನೇ ದಿನ ಮಧ್ಯಾಹ್ನ. ಅಷ್ಟರಲ್ಲಿ ಪಕ್ಕದ ಮನೆಯ ಹುಡುಗ ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಸೂಜಿ ಹಾಕಿಸಿ, ವಾಪಸ್ ಮನೆಗೆ ಬಿಟ್ಟೂ ಆಗಿತ್ತು.

ನಾನು ಸಿಎ, ಅಂದರೆ ಚಾರ್ಟರ್ಡ್ ಅಕೌಂಟೆಂಟ್ ಅಲ್ಲ. ಬಿಕಾಂ ಮಾಡಿ, ಒಬ್ಬ ಆಡಿಟರ್ ಕೈಕೆಳಗೆ ಒಂಬತ್ತು ವರ್ಷ ಲೆಕ್ಕ ಬರೆದು, 2016ರಲ್ಲಿ ಸ್ವಂತ ಆಫೀಸು ಮಾಡಿದವನು. ಆಡಿಟ್ ಕೇಸುಗಳು ನಮ್ಮ ಹಳೆಯ ಗುರುಗಳಿಗೇ ಹೋಗುತ್ತವೆ. ಆದರೂ ಪೇಟೆಯಲ್ಲಿ ಎಲ್ಲರಿಗೂ ನಾನು 'ಆಡಿಟರೇ'. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ನನ್ನಂಥವರಿಗೆ ಅದೇ ಅನ್ನ. ಅದೇ ಬಲೆ. ತಿಂಗಳ 11ಕ್ಕೆ ಮಾರಾಟದ ವಿವರ, 20ಕ್ಕೆ ತೆರಿಗೆಯ ರಿಟರ್ನ್, 7ಕ್ಕೆ ಟಿಡಿಎಸ್ (ಮೊದಲೇ ಹಿಡಿದಿಟ್ಟ ತೆರಿಗೆ), ವರ್ಷಕ್ಕೊಮ್ಮೆ ಇನ್‌ಕಂ ಟ್ಯಾಕ್ಸ್, ಡಿಸೆಂಬರ್ 31ಕ್ಕೆ ಜಿಎಸ್‌ಟಿಯ ವಾರ್ಷಿಕ ರಿಟರ್ನ್. ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಹಬ್ಬಗಳಿಗಿಂತ ಈ ತಾರೀಕುಗಳ ಸುತ್ತ ಹಾಕಿದ ಕೆಂಪು ಸುತ್ತುಗಳೇ ಜಾಸ್ತಿ.

ಕೆಲಸ ಹೆಚ್ಚಾಗಿದೆ ಅಂತ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅದನ್ನು ಹೆಮ್ಮೆ ಅಂದುಕೊಂಡಿದ್ದೆ. "ನೀವಿಲ್ದೆ ಇದ್ರೆ ನಮ್ಮ ಕೈಕಾಲು ಆಡಲ್ಲ ಆಡಿಟರೇ" ಅಂತ ಯಾರಾದರೂ ಅಂದರೆ ಎರಡು ದಿನ ಆ ಮಾತಲ್ಲೇ ಹೊಟ್ಟೆ ತುಂಬುತ್ತಿತ್ತು. ಕಣ್ಣಿಗೆ ಬಿದ್ದೂ ಬೀಳದ ಗುರುತುಗಳು ಬೇರೆ ಇದ್ದವು. ಒಂದು ಹಾರ್ಡ್‌ವೇರ್ ಅಂಗಡಿಯ ಚಿಲ್ಲರೆ ಮಾರಾಟ 4,70,000 ಇದ್ದದ್ದನ್ನು 47,000 ಅಂತ ಹೊಡೆದಿದ್ದೆ. ಒಂದು ಸೊನ್ನೆ. ಗೊತ್ತಾಗಿದ್ದು ಎರಡು ತಿಂಗಳ ಮೇಲೆ. ಒಮ್ಮೆ ಹಾಕಿದ ರಿಟರ್ನ್ ವಾಪಸ್ ತೆಗೆದು ತಿದ್ದುವ ಹಾಗಿಲ್ಲ, ಮುಂದಿನ ತಿಂಗಳಲ್ಲಿ ಸರಿ ಮಾಡಬೇಕು. ಕಮ್ಮಿ ಕಟ್ಟಿದ್ದ ತೆರಿಗೆ 76,140. ವರ್ಷಕ್ಕೆ ಶೇ 18ರಂತೆ ಎರಡು ತಿಂಗಳಿಗೆ ಬಡ್ಡಿ ಸುಮಾರು 2,300 ರೂಪಾಯಿ. ನನ್ನ ಜೇಬಿನಿಂದ ಕಟ್ಟಿದೆ. ದುಡ್ಡು ಹೋದದ್ದಕ್ಕಲ್ಲ, ಆ ತಪ್ಪಿಗೆ ನನಗೆ ಬೇಸರವೇ ಆಗಲಿಲ್ಲವಲ್ಲ, ಅದಕ್ಕೆ ಈಗ ಭಯವಾಗುತ್ತದೆ. ಹಿಂದೆಲ್ಲಾ ಇಂಥದ್ದಾದರೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಅದೇ ಜುಲೈ 24ಕ್ಕೆ ಭೀಮನ ಅಮಾವಾಸ್ಯೆ. ಹೆಂಡತಿ ಬೆಳಗ್ಗೆಯೇ, "ರೀ, ಸಂಜೆ ಏಳಕ್ಕೆ ಬನ್ನಿ, ಪೂಜೆ" ಅಂದಿದ್ದಳು. ಆ ತಿಂಗಳು ಯುಪಿಐ ವಹಿವಾಟಿನ ಲೆಕ್ಕ ನೋಡಿ ಸಣ್ಣ ಅಂಗಡಿಗಳಿಗೂ ತೆರಿಗೆ ಇಲಾಖೆಯಿಂದ ನೋಟಿಸ್ ಬಂದಿದ್ದವಲ್ಲ. ಬೇಕರಿಯವರು, ಕಾಂಡಿಮೆಂಟ್ಸ್‌ನವರು, ಟೀ ಅಂಗಡಿಯವರು ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದರು. ಸರಕಾದರೆ ವರ್ಷಕ್ಕೆ 40 ಲಕ್ಷ, ಸೇವೆಯಾದರೆ 20 ಲಕ್ಷ ದಾಟಿದರೆ ನೋಂದಣಿ ಬೇಕು ಅಂತ ಒಬ್ಬೊಬ್ಬರಿಗೂ ಹೇಳಿ ಹೇಳಿ ಗಂಟಲು ಕಟ್ಟಿತ್ತು. ಮನೆ ಸೇರಿದಾಗ ಹತ್ತೂವರೆ. ಗಂಡನ ಪಾದಪೂಜೆಗೆ ಗಂಡನೇ ಇಲ್ಲ. ಅವಳು ದಾರ ಕಟ್ಟಿಕೊಂಡು, ದೀಪಕ್ಕೆ ಮತ್ತೆ ಎಣ್ಣೆ ಬಿಟ್ಟು, ಗೋಡೆಗೆ ಒರಗಿ ತೂಕಡಿಸುತ್ತಿದ್ದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎದೆ ಹಿಡಿದಂತಾಗುತ್ತಿತ್ತು, ಅದಕ್ಕೇ ಡಾಕ್ಟರ್ ಹತ್ತಿರ ಹೋದೆ. ಇಸಿಜಿ ಸರಿ ಇತ್ತು. ಬಿಪಿ ಜಾಸ್ತಿ. ಅವರು ಮಾತ್ರೆ ಬರೆಯುವ ಮೊದಲು ಮೂರು ಪ್ರಶ್ನೆ ಕೇಳಿದರು. ಬೆಳಗ್ಗೆ ಏಳುವಾಗಲೇ ಸುಸ್ತಾ? ಮಾಡುವ ಕೆಲಸದ ಮೇಲೆ, ಬರುವ ಜನರ ಮೇಲೆ ಸುಮ್ನೆ ಸಿಟ್ಟು ಬರುತ್ತಾ? ಮೊದಲು ಸಲೀಸಾಗಿ ಆಗುತ್ತಿದ್ದ ಕೆಲಸದಲ್ಲಿ ಈಗ ತಪ್ಪಾಗುತ್ತಾ? ಮೂರಕ್ಕೂ ಹೌದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅಂತ ವಿವರಿಸಿದ್ದು ಹೆಚ್ಚುಕಮ್ಮಿ ಇದನ್ನೇ ಅಂತ ಹೇಳಿದರು. ಅದನ್ನು ಕಾಯಿಲೆ ಅಂತ ಪಟ್ಟಿ ಮಾಡಿಲ್ಲ. ಕೆಲಸದ ಜಾಗದಿಂದ ಹುಟ್ಟುವ ಸ್ಥಿತಿ ಅಂದಿದ್ದಾರೆ. ಇದು ನನಗೆ ಹಿಡಿಸಿತು. ರೋಗ ನನ್ನೊಳಗಿಲ್ಲ, ಆಫೀಸಿನಲ್ಲಿದೆ ಅಂದಮೇಲೆ ಹುಡುಕಬೇಕಾದ್ದೂ ಅಲ್ಲೇ ಅಲ್ವಾ?

ನಮ್ಮ ಕಸುಬಿನವರಿಗೆ ಗೊತ್ತಿರುವುದು ಒಂದೇ. ಲೆಕ್ಕ ಬರೆಯುವುದು. ಆಗಸ್ಟ್ 14ರಿಂದ 20ರವರೆಗೆ ಒಂದು ನೋಟ್‌ಬುಕ್ ಇಟ್ಟು, ಬಂದ ಪ್ರತಿ ಫೋನನ್ನೂ ಗೀಟು ಹಾಕಿ ಬರೆದೆ. ಒಟ್ಟು 241. ಓಟಿಪಿ ಕೇಳಲು, ಹೇಳಲು 66. "ಲಾಸ್ಟ್ ಡೇಟ್ ಯಾವತ್ತು?" 52. "ಬಿಲ್ ವಾಟ್ಸಾಪ್ ಮಾಡಿದ್ದೀನಿ, ನೋಡಿದ್ರಾ?" 47. ಯುಪಿಐ ನೋಟಿಸ್ 38. ಇತರೆ 18. ನಾನೇ ಉತ್ತರ ಹೇಳಬೇಕಾದ, ನಿಜವಾಗಿ ತಲೆ ಓಡಿಸಬೇಕಾದ ಕರೆಗಳು 20. ಆ ವಾರ ದುಡಿದದ್ದು 73 ಗಂಟೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಒಂದು ಅಂದಾಜು ಕೊಟ್ಟಿದ್ದವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯು ಬಡಿಯುವ ಅಪಾಯ ಶೇ 35ರಷ್ಟು ಜಾಸ್ತಿ. ನಾನು 55 ದಾಟಿ ಇನ್ನೂ ಹದಿನೆಂಟು ಗಂಟೆ ಮುಂದೆ ಹೋಗಿದ್ದೆ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಆ 73 ಅಲ್ಲ, ಆ 52. ಅಪರೂಪಕ್ಕೆ ಸರ್ಕಾರ ಮುಂದೂಡಿದ್ದು ಬಿಟ್ಟರೆ ತಾರೀಕು ಬದಲಾಗುವುದಿಲ್ಲ. ಎಂಟು ವರ್ಷದಿಂದ 20 ಅಂದರೆ ಇಪ್ಪತ್ತೇ. ಆದರೂ ಕೇಳುತ್ತಾರೆ. ಯಾಕೆ? ನೆನಪಿಡುವ ಕೆಲಸವನ್ನು ಅವರು ನನಗೆ ಒಪ್ಪಿಸಿಬಿಟ್ಟಿದ್ದರು. ನಾನೂ ಖುಷಿಯಾಗಿ ಇಸಿದುಕೊಂಡಿದ್ದೆ. 140 ಅಂಗಡಿಗಳ ನೆನಪು ಒಂದು ತಲೆಯಲ್ಲಿ ಕೂತರೆ ಅಮ್ಮನ ಫೋನಿಗೆ ಜಾಗ ಎಲ್ಲಿಂದ ಬರಬೇಕು?

ಮೊದಲು ಮಾಡಿದ್ದು ಬೋರ್ಡು. ಸೆಪ್ಟೆಂಬರಿನಲ್ಲಿ ಬಾಗಿಲಿಗೆ ತೂಗುಹಾಕಿದೆ: 'ಬಿಲ್ ಕೊಡಲು ಲಾಸ್ಟ್ ಡೇಟ್ 5. ಆಮೇಲೆ ತಂದರೆ 300 ರೂ. ಹೆಚ್ಚುವರಿ.' ಸರ್ಕಾರ ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ ಹಾಕುತ್ತದೆ, ಏನೂ ವಹಿವಾಟಿಲ್ಲದ ರಿಟರ್ನ್‌ಗೂ 20. ಅದನ್ನು ಎಲ್ಲರೂ ಕಟ್ಟುತ್ತಾರೆ, ಗೊಣಗುತ್ತಾರೆ ಅಷ್ಟೇ. ನಾನು ಹಾಕಿದ್ದಕ್ಕೆ ಮಾತ್ರ ಪೇಟೆಗೆ ಪೇಟೆಯೇ ಮಾತಾಡಿತು. ಅಡಿಕೆ ಮಂಡಿಯ ಯಜಮಾನರೊಬ್ಬರು, ಆಫೀಸು ತೆರೆದಾಗ ಮೊದಲ ದಿನವೇ ಬಂದಿದ್ದವರು, ಮೆಟ್ಟಿಲು ಹತ್ತಿ ಬಂದು, "ಏನ್ರೀ ಆಡಿಟರೇ, ನಮ್ಮ ಹತ್ರಾನೂ ದಂಡ ಇಸ್ಕೊಳ್ತೀರಾ?" ಅಂದರು. ಅವರ ಬಿಲ್ಲು ಬಂದದ್ದು 10ನೇ ತಾರೀಕು. ನನ್ನ ಬಾಯಿ ಒಣಗಿತ್ತು. "ಹೌದು ಯಜಮಾನ್ರೇ, ಎಲ್ಲರಿಗೂ ಒಂದೇ" ಅಂದೆ. ಅವರು ಫೈಲು ಕೇಳಿ ತೆಗೆದುಕೊಂಡು ಹೋದರು. ಅವರ ಹಿಂದೆ ಇನ್ನೂ ಹತ್ತು ಜನ.

ಎರಡನೆಯದು ಹೇಳಲು ನಾಚಿಕೆ. ವರ್ಷಕ್ಕೆ 5 ಕೋಟಿವರೆಗೆ ವಹಿವಾಟು ಇರುವವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಸೌಲಭ್ಯ 2021ರ ಜನವರಿಯಿಂದಲೇ ಇದೆ. ನಮ್ಮ ರಾಜ್ಯದವರಿಗೆ ತ್ರೈಮಾಸಿಕದ ಮುಂದಿನ ತಿಂಗಳ 22 ಕೊನೆ ದಿನ. ನಡುವಿನ ಎರಡು ತಿಂಗಳು 25ರೊಳಗೆ ಚಲನ್ ಕಟ್ಟಿದರೆ ಸಾಕು. ನನ್ನ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಇದಕ್ಕೆ ಬರುತ್ತಾರೆ. ಆದರೂ ನಾನು ಎಲ್ಲರನ್ನೂ ತಿಂಗಳ ಲೆಕ್ಕದಲ್ಲೇ ಇಟ್ಟಿದ್ದೆ. ತಿಂಗಳು ತಿಂಗಳು ರಿಟರ್ನ್ ಅಂದರೆ ತಿಂಗಳು ತಿಂಗಳು 800 ರೂಪಾಯಿ ಫೀಸು, ಅಷ್ಟೇ ಕಾರಣ. ನನ್ನ ನಿದ್ದೆ ಕದ್ದವನು ಹೊರಗಿನವನಲ್ಲ. ಅಕ್ಟೋಬರ್‌ನಿಂದ 58 ಜನರನ್ನು ಆ ಸೌಲಭ್ಯಕ್ಕೆ ಹಾಕಿದೆ, ಫೀಸನ್ನು ತಿಂಗಳಿಗೆ 600ರ ಲೆಕ್ಕಕ್ಕೆ ಇಳಿಸಿದೆ. ಎಲ್ಲರನ್ನೂ ಹಾಕಲಿಲ್ಲ. ದೊಡ್ಡ ವ್ಯಾಪಾರಿಗಳಿಗೆ ಸರಕು ಕೊಡುವವರ ಬಿಲ್ಲು ಪ್ರತಿ ತಿಂಗಳೂ ಪೋರ್ಟಲ್‌ನಲ್ಲಿ ಕಾಣದಿದ್ದರೆ ಕೊಂಡವರು ತಕರಾರು ಮಾಡುತ್ತಾರೆ. ಅದಕ್ಕೆ 13ರೊಳಗೆ ಬಿಲ್ ಮಾತ್ರ ಹಾಕುವ ದಾರಿಯೂ ಇದೆ. ಆದರೆ ಅಷ್ಟು ಮಾಡುವ ಹೊತ್ತಿಗೆ ತಿಂಗಳ ರಿಟರ್ನೇ ವಾಸಿ ಅನ್ನಿಸಿ ಅವರನ್ನು ಹಾಗೇ ಬಿಟ್ಟೆ.

ಹೋದ 11 ಜನ, ಇಳಿದ ಫೀಸು ಎಲ್ಲಾ ಸೇರಿ ತಿಂಗಳಿಗೆ ಸುಮಾರು 20,000 ರೂಪಾಯಿ ಖೋತಾ. ಹೆಂಡತಿಗೆ ಹೇಳಿದೆ. ಅವಳು ಲೆಕ್ಕ ಕೇಳಲಿಲ್ಲ, "ಕಾರಿನ ಕಂತು ಮುಗಿಯೋದು ಯಾವಾಗ?" ಅಂತ ಮಾತ್ರ ಕೇಳಿದಳು. ಜನವರಿಗೆ ಮುಗಿಯಿತು. ಫೋನಿನಲ್ಲಿ ಪುಕ್ಕಟೆ ಹೇಳುತ್ತಿದ್ದ ನೋಟಿಸ್ ಸಲಹೆಗೆ ಈಗ ಎದುರು ಕೂರಿಸಿಕೊಂಡು 500 ತೆಗೆದುಕೊಳ್ಳುತ್ತೇನೆ. ಹೋದದ್ದರಲ್ಲಿ ಅರ್ಧ ಹಾಗೆ ವಾಪಸ್ ಬಂದಿದೆ.

ಓಟಿಪಿಗೆ ಒಂದು ಹೊತ್ತು ಗೊತ್ತು ಮಾಡಿದೆ. 17 ಮತ್ತು 18ನೇ ತಾರೀಕು, ಬೆಳಗ್ಗೆ 11ರಿಂದ 1. ಮಾಲೀಕರೇ ಫೋನ್ ಹಿಡಿದು ಬರಬೇಕು, ಅಂಕಿ ನೋಡಬೇಕು, ಓಟಿಪಿಯನ್ನು ಅವರೇ ಹೊಡೆಯಬೇಕು. ಊರಿಗೆಲ್ಲಾ ಓಟಿಪಿ ಯಾರಿಗೂ ಹೇಳಬೇಡಿ ಅನ್ನುತ್ತಾರೆ, ನಾವೋ ದಿನಕ್ಕೆ ಹತ್ತು ಜನರ ಓಟಿಪಿ ಇಸಿದುಕೊಳ್ಳುತ್ತಿದ್ದೆವು. ಈಗ ಆ ಎರಡು ದಿನ ಆಫೀಸು ಮದುವೆ ಮನೆ ಇದ್ದ ಹಾಗಿರುತ್ತದೆ. ಗದ್ದಲ ಇದ್ದರೂ ಒಂದಕ್ಕೆ ಮುಗಿಯುತ್ತದೆ. ತಮ್ಮ ಅಂಗಡಿಯ ತೆರಿಗೆ ಎಷ್ಟು ಅಂತ ಮೊದಲ ಸಲ ನೋಡಿದವರೂ ಇದ್ದರು.

ಇನ್ನೊಂದು ವಿಷಯ ನನಗೆ ತಡವಾಗಿ ಹೊಳೆಯಿತು. ಅಂಗಡಿಗಳಿಗೆ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಮಾಡಿಸಿಕೊಡುವವನು ನಾನೇ. 1961ರ ಆ ಕಾಯ್ದೆಯಲ್ಲಿ ಕೆಲಸಗಾರರಿಗೆ ದಿನಕ್ಕೆ 9 ಗಂಟೆ, ವಾರಕ್ಕೆ 48, ಮೀರಿದರೆ ದುಪ್ಪಟ್ಟು ಕೂಲಿ ಅಂತ ಇರುವುದನ್ನು ಎಷ್ಟೋ ಜನಕ್ಕೆ ಬಾಯಿಪಾಠ ಒಪ್ಪಿಸಿದ್ದೇನೆ. ನನ್ನ ಆಫೀಸಿನ ಹುಡುಗಿ 20ನೇ ತಾರೀಕು ಬಂತೆಂದರೆ ಕೊರಟಗೆರೆ ಬಸ್ಸು ತಪ್ಪಿಸಿಕೊಂಡು ಚಿಕ್ಕಮ್ಮನ ಮನೆಯಲ್ಲಿ ಮಲಗುತ್ತಿದ್ದಳು. ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಹಾಗೆ ನಾನು ಇರಲಿಲ್ಲ. ಈಗ ಆರಕ್ಕೆ ಇಬ್ಬರೂ ಹೊರಡುತ್ತಾರೆ. ಹಿಂದಿನ ಓವರ್‌ಟೈಮ್ ಲೆಕ್ಕ ಹಾಕಿ ದೀಪಾವಳಿಗೆ ಕೊಟ್ಟೆ. ಅದನ್ನು ಬೋನಸ್ ಅಂತ ಕರೆಯಬೇಡಿ ಅಂತ ಹೇಳಿಯೇ ಕೊಟ್ಟೆ.

ಆಫೀಸಿನ ನಂಬರು ಬೇರೆ ಫೋನಿಗೆ ಹೋಯಿತು. ಏಳೂವರೆಗೆ ಅದನ್ನು ಡ್ರಾಯರಿನಲ್ಲಿಟ್ಟು ಬೀಗ. ಮೊದಲ ವಾರ ಅಮಾನಿಕೆರೆಯ ದಂಡೆಯಲ್ಲಿ ನಡೆಯುವಾಗ ಖಾಲಿ ಜೇಬು ಅಲುಗಿದ ಹಾಗಾಗಿ ಕೈ ಹಾಕಿ ನೋಡುತ್ತಿದ್ದೆ. ಒಂದು ರಾತ್ರಿ ಮೂರಕ್ಕೆ ಎಚ್ಚರವಾಗಿ ಮತ್ತೆ ಕಣ್ಣು ಹತ್ತಲಿಲ್ಲ. 14416ಕ್ಕೆ ಫೋನ್ ಮಾಡಿದೆ. ಅದು ಸರ್ಕಾರದ ಟೆಲಿ ಮಾನಸ್, 2022ರಲ್ಲಿ ಶುರುವಾದದ್ದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಇಂಥದ್ದಕ್ಕೆಲ್ಲಾ ಫೋನ್ ಮಾಡಬಹುದಾ ಅಂತ ಕೇಳಿದೆ. ಮಾಡಬಹುದು, ಹೇಳಿ ಅಂದರು. ಅರ್ಧ ಗಂಟೆ ಮಾತಾಡಿದೆ.

ಎಲ್ಲಾ ಸರಿಹೋಯಿತು ಅಂದರೆ ಸುಳ್ಳು. 2025ರಲ್ಲಿ ಇನ್‌ಕಂ ಟ್ಯಾಕ್ಸ್ ರಿಟರ್ನ್‌ನ ತಾರೀಕು ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ ಹೋಗಿತ್ತು. ಹೊರಗಿನವರು, "ಒಂದೂವರೆ ತಿಂಗಳು ಸಿಕ್ತು ಬಿಡಿ" ಅಂದರು. ಎಲ್ಲಿ ಸಿಕ್ತು? ತಾರೀಕು ಮುಂದಕ್ಕೆ ಹೋದರೆ ಜನ ಕಾಗದ ತರುವುದೂ ಅಷ್ಟೇ ಮುಂದಕ್ಕೆ ಹೋಗುತ್ತದೆ, ನಾವು ಮಾತ್ರ ಅಷ್ಟು ದಿನ ಕಾಯುತ್ತಾ ಉಸಿರು ಬಿಗಿಹಿಡಿದಿರಬೇಕು. 15ರ ರಾತ್ರಿ ಕೊನೆಗಳಿಗೆಯಲ್ಲಿ ಇನ್ನೂ ಒಂದು ದಿನ ಕೊಟ್ಟರು. ಬೋರ್ಡು ಹಾಕಿ ಹದಿನೈದು ದಿನವೂ ಆಗಿರಲಿಲ್ಲ, ನಾನು ಬೆಳಗಿನ ಎರಡರವರೆಗೆ ಕೂತಿದ್ದೆ. ಡ್ರಾಯರಿನ ಬೀಗ ತೆಗೆದಿದ್ದೆ. ಮುಂದಿನ ಸಲ ಏನು ಮಾಡುತ್ತೇನೋ ನೋಡಬೇಕು. ಇನ್‌ಕಂ ಟ್ಯಾಕ್ಸ್ ಕಾಗದಕ್ಕೆ ಜೂನ್ 30 ಅಂತ ಇನ್ನೊಂದು ಬೋರ್ಡು ಬರೆಸಿಟ್ಟಿದ್ದೇನೆ.

2026ರ ಶಿವರಾತ್ರಿ ಫೆಬ್ರವರಿ 15ಕ್ಕೆ ಬಂತು, 11ಕ್ಕೂ 20ಕ್ಕೂ ಸರಿಯಾಗಿ ನಡುವೆ. ಆರು ವರ್ಷದ ಮೇಲೆ ಸಿದ್ಧಗಂಗೆ ಜಾತ್ರೆಗೆ ಹೋದೆವು. ಅಪ್ಪ ದನಗಳ ಜಾತ್ರೆಯಲ್ಲಿ ಒಂದು ಜೊತೆ ಹಳ್ಳಿಕಾರ್ ಹೋರಿಯ ಮುಂದೆ ನಿಂತವರು ಅಲ್ಲಾಡಲಿಲ್ಲ. ಕೊಳ್ಳುವುದಕ್ಕಲ್ಲ, ಕಟ್ಟಲು ಕೊಟ್ಟಿಗೆಯೂ ಇಲ್ಲ. ಹಲ್ಲು ನೋಡಿದರು, ಬೆಲೆ ಕೇಳಿದರು, ದಲ್ಲಾಳಿಯ ಜೊತೆ ಚೌಕಾಸಿ ಮಾಡಿದರು. ಒಂದೂವರೆ ಗಂಟೆ. ನಾನು ಪಕ್ಕದಲ್ಲಿ ಕಡ್ಲೆಪುರಿ ತಿನ್ನುತ್ತಾ ಸುಮ್ನೆ ನಿಂತಿದ್ದೆ.

ಹೋದ 11 ಜನರಲ್ಲಿ ಮೂವರು ವಾಪಸ್ ಬಂದಿದ್ದಾರೆ. ಅಡಿಕೆ ಮಂಡಿಯ ಯಜಮಾನರು ಮಾರ್ಚ್ 9ಕ್ಕೆ ಬಂದರು. ಬಿಲ್ಲಿನ ಕಟ್ಟು ಮೇಜಿನ ಮೇಲಿಟ್ಟು, ಮಾತಾಡದೆ ಫೋನ್ ತೆಗೆದು, ಗೋಡೆಯ ಕ್ಯೂಆರ್ ಕೋಡ್‌ಗೆ ಹಿಡಿದು 300 ಕಳಿಸಿದರು. ಸಂಜೆ ಖಾತೆ ನೋಡುವಾಗ ಕಂಡಿತು. ಷರಾ ಬರೆಯುವ ಜಾಗದಲ್ಲಿ 'ದಂಡ' ಅಂತ ಹೊಡೆದಿದ್ದರು.