ಒಂದೇ ಜೀನ್ ಹಿಡಿದು ವಿಕಾಸದ ಪದಗಳನ್ನು ಕಲಿಯುವುದು ಹೇಗೆ?

ಜೀನ್, ಅಲೀಲ್, ಮ್ಯುಟೇಶನ್, ನೈಸರ್ಗಿಕ ಆಯ್ಕೆ. ಇವನ್ನೆಲ್ಲ ಸುಮ್ನೆ ಬಾಯಿಪಾಠ ಮಾಡಿದರೆ ವಾರದೊಳಗೆ ಮರೆತುಹೋಗುತ್ತವೆ. ಅದರ ಬದಲು ಒಂದೇ ಒಂದು ಜೀನ್ ಆರಿಸಿಕೊಂಡು ಅದರ ಬೆನ್ನು ಹತ್ತಿ. ನನ್ನ ಆಯ್ಕೆ ಎಚ್‌ಬಿಬಿ. ಕೆಂಪು ರಕ್ತಕಣಗಳು ಬಾಗಿ ತೊಂದರೆ ಕೊಡುವ ಸಿಕಲ್ ಸೆಲ್ ಕಾಯಿಲೆಯ ಬೇರು ಇರುವುದು ಇದರಲ್ಲೇ.

ಮೊದಲು ಅದರ ಜಾಗ ಗುರುತಿಸಿಕೊಳ್ಳಿ. ನಮ್ಮ ಬಹುಪಾಲು ಜೀವಕೋಶಗಳಲ್ಲಿ 23 ಜೋಡಿ ವರ್ಣತಂತುಗಳಿವೆ. ಒಂದೊಂದರಲ್ಲೂ ಉದ್ದನೆಯ ಡಿಎನ್‌ಎ ಎಳೆ ಇದೆ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳು ಅದರ ಉದ್ದಕ್ಕೂ ಸಾಲುಗಟ್ಟಿರುತ್ತವೆ. ಆ ಎಳೆಯಲ್ಲಿ ಒಂದು ಪ್ರೋಟೀನ್ ತಯಾರಿಸುವ ಸೂಚನೆ ಇರುವ ತುಂಡೇ ಜೀನ್. (ಬೇರೆ ಕೆಲಸದ ಜೀನ್‌ಗಳೂ ಇವೆ, ಸದ್ಯಕ್ಕೆ ಅವು ಬೇಡ.) ಎಚ್‌ಬಿಬಿ ಇರುವುದು 11ನೇ ವರ್ಣತಂತುವಿನಲ್ಲಿ. ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ನ ಒಂದು ಭಾಗ ತಯಾರಾಗುವುದು ಅದರ ಸೂಚನೆಯಂತೆ.

ಈಗ ಒಂದು ಅಕ್ಷರ ಬದಲಾಯಿಸಿ ನೋಡಿ. ಈ ಜೀನ್‌ನ ಒಂದು ಕಡೆ ಜಿಎಜಿ ಇರಬೇಕಾದಲ್ಲಿ ಜಿಟಿಜಿ ಬಂದರೆ ಸಾಕು, ಹಿಮೋಗ್ಲೋಬಿನ್ ಬೇರೆ ಥರದ್ದಾಗುತ್ತದೆ. ಆಮ್ಲಜನಕ ಕಡಿಮೆಯಾದಾಗ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ಈ ಅಕ್ಷರ ಬದಲಾವಣೆಯೇ ಮ್ಯುಟೇಶನ್. ಹೀಗೆ ಉಂಟಾದ ಜೀನ್‌ನ ಬೇರೆ ಬೇರೆ ರೂಪಗಳು ಅಲೀಲ್‌ಗಳು. ‘ಅವರಿಗೆ ಸಿಕಲ್ ಸೆಲ್ ಜೀನ್ ಇದೆ’ ಅನ್ನುವುದು ಸಡಿಲ ಮಾತು. ಎಚ್‌ಬಿಬಿ ಜೀನ್ ನಮ್ಮೆಲ್ಲರಲ್ಲೂ ಇದೆ, ಬೇರೆಯಾಗಿರುವುದು ಅಲೀಲ್.

ಮುಂದಿನದು ಲೆಕ್ಕ. ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಪ್ರತಿಯೊಬ್ಬರಿಗೂ ಎರಡು ಪ್ರತಿ. ಯಾವ ಎರಡು ಸಿಕ್ಕಿವೆ ಅನ್ನುವುದು ಜೀನೋಟೈಪ್. ದೇಹದಲ್ಲಿ ಕಾಣುವ ಫಲ ಫಿನೋಟೈಪ್. ಎರಡೂ ಸಿಕಲ್ ಅಲೀಲ್ ಆದರೆ ಕಾಯಿಲೆ ಬರುತ್ತದೆ. ಒಂದೇ ಇದ್ದರೆ ಆ ವ್ಯಕ್ತಿ ವಾಹಕ, ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ತಂದೆ ತಾಯಿ ಇಬ್ಬರೂ ವಾಹಕರಾದರೆ ಪ್ರತಿ ಮಗುವಿಗೂ ಕಾಯಿಲೆಯ ಸಾಧ್ಯತೆ ಶೇ 25. ಮೊದಲ ಮಗುವಿಗೆ ಬಂತು, ಇನ್ನು ಮೂರಕ್ಕೆ ಬರಲ್ಲ ಅನ್ನುವ ಹಾಗಿಲ್ಲ. ಪ್ರತಿ ಸಲವೂ ಲೆಕ್ಕ ಹೊಸದು.

ಒಂದೇ ಪ್ರತಿ ಇದ್ದಾಗ ಕಾಯಿಲೆ ತೋರದ ಕಾರಣ ಇದನ್ನು ಅಪ್ರಬಲ ಕಾಯಿಲೆ ಅನ್ನುತ್ತಾರೆ. ಆದರೆ ವಾಹಕರ ರಕ್ತ ಪರೀಕ್ಷೆ ಮಾಡಿದರೆ ಎರಡೂ ಥರದ ಹಿಮೋಗ್ಲೋಬಿನ್ ಸಿಗುತ್ತದೆ! ಅಂದರೆ ಪ್ರಬಲವೋ ಅಪ್ರಬಲವೋ ಅನ್ನುವುದು ನಾವು ಏನನ್ನು ಅಳೆಯುತ್ತಿದ್ದೇವೆ ಅನ್ನುವುದರ ಮೇಲೂ ನಿಂತಿದೆ. ಪ್ರಬಲವಾದದ್ದೇ ಒಳ್ಳೆಯದು, ಅದೇ ಜಾಸ್ತಿ ಜನರಲ್ಲಿರುತ್ತದೆ ಅನ್ನುವುದಂತೂ ತಪ್ಪು.

ಇಷ್ಟು ಹಾನಿ ಮಾಡುವ ಅಲೀಲ್ ಅಳಿದುಹೋಗಬೇಕಿತ್ತು, ಅಲ್ವಾ? ಉತ್ತರ ಮಲೇರಿಯಾದಲ್ಲಿದೆ. ಒಂದು ಸಿಕಲ್ ಅಲೀಲ್ ಇರುವವರಿಗೆ ತೀವ್ರ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ ಎಂದು ವಿಜ್ಞಾನಿ ಆಂಥೊನಿ ಆಲಿಸನ್ 1954ರಲ್ಲಿ ಪೂರ್ವ ಆಫ್ರಿಕಾದ ಅಧ್ಯಯನದಿಂದ ತೋರಿಸಿದರು. ಮಲೇರಿಯಾ ಹೆಚ್ಚಿರುವಲ್ಲಿ ವಾಹಕರು ಬದುಕಿ ಮಕ್ಕಳನ್ನು ಪಡೆಯುವ ಸಾಧ್ಯತೆ ಹೆಚ್ಚು, ಹಾಗಾಗಿ ಅಲೀಲ್ ಉಳಿಯಿತು. ಇದೇ ನೈಸರ್ಗಿಕ ಆಯ್ಕೆ. ಮಲೇರಿಯಾ ಬಂತೆಂದು ಮ್ಯುಟೇಶನ್ ಆಗಲಿಲ್ಲ. ಅದು ಅಕಸ್ಮಾತ್ ಆದದ್ದು, ಉಳಿಸಿಕೊಂಡದ್ದು ಆಯ್ಕೆ. ತಲೆಮಾರುಗಳಲ್ಲಿ ಒಂದು ಗುಂಪಿನೊಳಗಿನ ಅಲೀಲ್‌ಗಳ ಪ್ರಮಾಣ ಬದಲಾಗುವುದೇ ವಿಕಾಸ. ಒಬ್ಬ ವ್ಯಕ್ತಿ ವಿಕಾಸ ಹೊಂದುವುದಿಲ್ಲ.

ಕೊನೆಗೆ ಎಚ್‌ಬಿಬಿ ಬಿಟ್ಟು ಒಂದು ದ್ವೀಪಕ್ಕೆ ಹೋಗಬೇಕು, ಯಾಕೆಂದರೆ ಎಲ್ಲ ಬದಲಾವಣೆಗೂ ಆಯ್ಕೆಯೇ ಕಾರಣವಲ್ಲ. ಪೆಸಿಫಿಕ್ ಸಾಗರದ ಪಿಂಗೆಲಾಪ್‌ನಲ್ಲಿ 1775ರ ಸುಮಾರಿಗೆ ಬಂದ ಚಂಡಮಾರುತದ ನಂತರ ಉಳಿದದ್ದು ಇಪ್ಪತ್ತರಷ್ಟು ಜನ. ಅವರಲ್ಲೊಬ್ಬರಲ್ಲಿ ಪೂರ್ಣ ಬಣ್ಣಗುರುಡಿನ ಅಲೀಲ್ ಇತ್ತೆಂದು ನಂಬಲಾಗಿದೆ. ಬೇರೆಡೆ ತೀರಾ ಅಪರೂಪವಾದ ಆ ತೊಂದರೆ ಅಲ್ಲಿ ಹತ್ತಿಪ್ಪತ್ತು ಜನಕ್ಕೊಬ್ಬರಂತೆ ಕಾಣುತ್ತದೆ. ಅದರಿಂದ ಯಾರಿಗೂ ಲಾಭವಿರಲಿಲ್ಲ. ಬದುಕುಳಿದವರು ಯಾರು ಅನ್ನುವುದಷ್ಟೇ ಕಾರಣ. ಹೀಗೆ ಅಕಸ್ಮಾತ್ ಅಲೀಲ್‌ಗಳ ಪ್ರಮಾಣ ಬದಲಾಗುವುದೇ ಜೆನೆಟಿಕ್ ಡ್ರಿಫ್ಟ್. ಗುಂಪು ಚಿಕ್ಕದಾದಷ್ಟೂ ಇದರ ಪ್ರಭಾವ ಜಾಸ್ತಿ.